ಪುಟ್ಟೀರಿಯ ತುರುಬು, ಅರಸನ ಹಸಿವು

ಗುಡ್ಡದ ತುದಿಗೆ ಅರಮನೆ, ಗುಡ್ಡದ ಬುಡಕ್ಕೆ ಬಾವಿ. ಅಂಥದೊಂದು ರಾಜ್ಯವಿತ್ತು, ಕೇಳಿ ಮಕ್ಕಳೇ. ಆ ರಾಜ್ಯಕ್ಕೆ ಒಂದು ಕಟ್ಟಳೆ. ದಿನಾ ಬೆಳಿಗ್ಗೆ ಒಬ್ಬ ಹೆಂಗಸು ಬಾವಿಯಿಂದ ಒಂದು ಕೊಡ ನೀರು ಹೊತ್ತು ಅರಮನೆಯ ದೇವರಮನೆಗೆ ತರಬೇಕು. ಕೊಡದಡಿಗೆ ಬಟ್ಟೆಯ ಸಿಂಬಿ ಇಡುವಂತಿಲ್ಲ, ಅದು ಮೈಲಿಗೆ. ಕೊಡ ತಲೆಗೇರಿದ ಮೇಲೆ ಕೈ ತಾಗಿಸುವಂತಿಲ್ಲ, ಅದೂ ಮೈಲಿಗೆ. ನೆತ್ತಿಯ ಮೇಲೆ ಕಟ್ಟಿದ ತುರುಬೇ ಸಿಂಬಿ. ಆ ನೀರು ಬರುವ ತನಕ ಅರಮನೆಯಲ್ಲಿ ಯಾರೂ ತುತ್ತು ಎತ್ತುವಂತಿಲ್ಲ. ನೀರು ಬಾಗಿಲಿಗೆ ಬಂದಾಗ ಅರಸನೂ ಎದ್ದು ನಿಲ್ಲಬೇಕು.

ಕೆಂಪಜ್ಜಿ ಎಂಬ ಮುದುಕಿ ಬಹಳ ವರ್ಷ ಆ ನೀರು ಹೊತ್ತಿದ್ದಳು. ಈಗ ಅವಳ ಮಂಡಿ ಸೋತಿತ್ತು, ಹೊಸಬಳನ್ನು ಆರಿಸುವ ತನಕ ಹೇಗೋ ಏಗುತ್ತಿದ್ದಳು. ಅವಳ ಮೊಮ್ಮಗಳು ಪುಟ್ಟೀರಿಗೆ ಆ ಕೆಲಸ ಬೇಕೇ ಬೇಕಿತ್ತು. ಅರಮನೆಯ ಊಟಕ್ಕಲ್ಲ, ಸೀರೆಗೂ ಅಲ್ಲ. ತಾನು ನಡೆದು ಬಂದರೆ ಅರಸ ಎದ್ದು ನಿಲ್ಲಬೇಕು, ಅಷ್ಟೇ ಅವಳ ಆಸೆ.

ಪುಟ್ಟೀರಿಯ ಕೂದಲೋ, ಅದನ್ನು ಪೊದೆ ಅಂದರೂ ನಡೆಯುತ್ತಿತ್ತು. ಗುಂಗುರು ಗುಂಗುರಾಗಿ ಎದ್ದು ನಿಂತಿತ್ತು. ಮರದ ಬಾಚಣಿಗೆ ಹಾಕಿದರೆ ಹಲ್ಲು ಮುರಿಯಿತು. ಕೊಂಬಿನ ಬಾಚಣಿಗೆ ಹಾಕಿದರೆ ಸೊಂಟ ಮುರಿಯಿತು. ಹಿತ್ತಾಳೆಯದು ಒಳಗೆ ಹೋದದ್ದು ಎಷ್ಟು ಹುಡುಕಿದರೂ ಸಿಗಲಿಲ್ಲ.

ಹೀಗಿರುವಾಗ ಬೇರೆ ಊರಿಂದ ಚಿಕ್ಕರಸಯ್ಯ ಎಂಬ ಮದ್ದುಗಾರ ಬಂದ. ಚೌಳುಮಣ್ಣು, ಸುಣ್ಣ, ಇನ್ನೂ ಏನೇನೋ ಅರೆದು ಒಂದು ಲೇಪ ಮಾಡಿದ್ದ. ಹಚ್ಚಿ ತೊಳೆದರೆ ಎಂಥ ಗುಂಗುರೂ ನೂಲಿನಂತೆ ಇಳಿಬೀಳುತ್ತಿತ್ತು. ಮೊದಲು ರಾಣಿಗೆ ಹಚ್ಚಿದ. ಆಮೇಲೆ ಮಂತ್ರಿಯ ಹೆಂಡತಿಗೆ ಹಚ್ಚಿದ. ಆಮೇಲೆ ಊರಿಗೆ ಊರೇ ಅವನ ಬಾಗಿಲಲ್ಲಿ ತಲೆ ಬಗ್ಗಿಸಿ ನಿಂತಿತು. ಗುಂಗುರು ಕೂದಲು ಒಂದು ರೋಗ ಅಂತ ಅವನು ಹೇಳುವ ಮುಂಚೆ ಅಲ್ಲಿ ಯಾರಿಗೂ ಗೊತ್ತೇ ಇರಲಿಲ್ಲ.

ಅಷ್ಟಕ್ಕೇ ಅವನು ಸುಮ್ಮನಾಗಲಿಲ್ಲ. ಅರಸನ ಕಿವಿ ಊದಿದ. ದೇವರ ನೀರು ಪೊದೆಯ ಮೇಲೆ ಕೂತು ಬರುವುದು ರಾಜ್ಯಕ್ಕೇ ಅವಮಾನ ಅಂದ. ಅರಸನ ತಲೆಯಲ್ಲಿ ಕಿರೀಟ ಬಿಟ್ಟರೆ ಬೇರೇನೂ ಇರಲಿಲ್ಲ, ಕೂದಲ ವಿಚಾರ ಅವನಿಗೇನು ಗೊತ್ತು. ನೇರ ಕೂದಲಿನವರೇ ನೀರು ಹೊರಬೇಕು ಎಂದು ಡಂಗುರ ಹೊಡೆಸಿದ.

ಪುಟ್ಟೀರಿ ಅಜ್ಜಿಯ ಮುಂದೆ ಕೂತು ಏನು ಮಾಡಲಿ ಎಂದು ಕೇಳಿದಳು.

"ನಿನ್ನ ತಲೆ ಕಣೇ," ಅಂದಳು ಕೆಂಪಜ್ಜಿ. "ನಿನಗೇ ಇಷ್ಟ ಆದರೆ ಹಚ್ಚಿಸ್ಕೊ, ನಾನು ಬೇಡ ಅನ್ನಲ್ಲ. ಅವನ ಬಾಯಿಗೆ ಹೆದರಿ ಹಚ್ಚಿಸ್ಕೊಂಡರೆ ಮಾತ್ರ ನನ್ನ ಮುಂದೆ ಬರಬೇಡ."

ತನಗಿರುವುದು ಇಷ್ಟವೋ ಹೆದರಿಕೆಯೋ, ಅದೇ ಪುಟ್ಟೀರಿಗೆ ತಿಳಿಯಲಿಲ್ಲ. ಒಂದು ಸಲ ಚಿಕ್ಕರಸಯ್ಯನ ಬಾಗಿಲ ತನಕ ಹೋದಳು. ಲೇಪದ ಘಾಟಿಗೆ ಕಣ್ಣಲ್ಲಿ ನೀರು ಬಂತು, ವಾಪಸು ಬಂದಳು. ಇನ್ನೊಂದು ಸಲ ಹೊಸಿಲ ತನಕ ಹೋದಳು. ಲೇಪ ತಿರುವುವ ಮರದ ಸೌಟಿನ ತುದಿಯನ್ನು ಲೇಪವೇ ತಿಂದು ಹಾಕಿತ್ತು, ವಾಪಸು ಬಂದಳು. ಮೂರನೆಯ ಸಲ ಹಲ್ಲು ಕಚ್ಚಿ ಹೋಗಿ ಮಣೆಯ ಮೇಲೆ ಕೂತೇಬಿಟ್ಟಳು. ಚಿಕ್ಕರಸಯ್ಯ ಅವಳ ಕೊರಳಿಗೆ ಬಟ್ಟೆ ಸುತ್ತಿ ಲೇಪ ಕಲಸತೊಡಗಿದ.

"ಇದು ಎಷ್ಟು ದಿನ ಇರುತ್ತೆ, ಅಯ್ಯಾ?"

"ಬುಡದಲ್ಲಿ ಹೊಸ ಕೂದಲು ಬರೋ ತನಕ, ತಾಯಿ."

"ಆಮೇಲೆ?"

"ಮತ್ತೆ ಹಚ್ಚೋದು."

"ಅದಾದ ಮೇಲೆ?"

"ಮತ್ತೆ ಹಚ್ಚೋದು."

"ಮುಗಿಯೋದು ಯಾವಾಗ?"

"ಕೂದಲು ಮುಗಿದಾಗ," ಅಂದುಬಿಟ್ಟ ಚಿಕ್ಕರಸಯ್ಯ. ಅವನ ಗಮನವೆಲ್ಲ ಲೇಪದ ಮೇಲಿತ್ತು.

ಪುಟ್ಟೀರಿ ಕೊರಳ ಬಟ್ಟೆ ಕಿತ್ತು ಅವನ ಕೈಗೇ ಕೊಟ್ಟು ಎದ್ದು ಬಂದಳು. ಕೆಲಸ ಕೈ ತಪ್ಪಿತಲ್ಲ ಎಂದು ಮನೆಯಲ್ಲಿ ಕೂತು ಚೆನ್ನಾಗಿ ಅತ್ತಳು. ಅತ್ತಳೇ ಹೊರತು ತಲೆ ಕೊಡಲಿಲ್ಲ.

ನೀರು ಹೊರುವವಳನ್ನು ಆರಿಸುವ ದಿನ ಬಂತು. ನೇರ ಕೂದಲಿನ ಮೂವರು ಹೆಂಗಸರು ಕೊಡ ಹೊತ್ತರು. ಮೊದಲನೆಯವಳ ಕೊಡ ಕೆಳಗಿನ ಮೆಟ್ಟಿಲಲ್ಲೇ ಜಾರಿ ಚೂರಾಯಿತು. ಎರಡನೆಯವಳದು ಅರ್ಧ ಗುಡ್ಡ ಹತ್ತಿ ಸೇನಾಪತಿಯ ಕಾಲ ಮೇಲೆ ಬಿತ್ತು. ಮೂರನೆಯವಳು ಸಭೆಯ ಬಾಗಿಲಿಗೇ ಬಂದಳು. ಅರಸ ಅರ್ಧ ಎದ್ದಿದ್ದ. ಅಷ್ಟರಲ್ಲಿ ನುಣುಪು ತುರುಬು ತಾನಾಗಿ ಬಿಚ್ಚಿತು, ಕೊಡ ಹೋಗಿ ಚಿಕ್ಕರಸಯ್ಯನ ಮಡಿಲಿಗೆ ಬಿತ್ತು. ಅರಸ ಮತ್ತೆ ಕೂತ.

ಸೂರ್ಯ ನೆತ್ತಿಗೆ ಬಂದ. ಒಳಗೆ ಪಾಯಸ ಆರುತ್ತಿತ್ತು. ಅರಸನ ಹೊಟ್ಟೆ ಗುಡುಗಿತು. ಮಳೆ ಬರಬಹುದು ಎಂದು ಮಂತ್ರಿ ಆಕಾಶ ನೋಡಿದ.

ಚಿಕ್ಕರಸಯ್ಯ ಪಂಚೆ ಹಿಂಡುತ್ತ, ಲೇಪದ್ದೇನೂ ತಪ್ಪಿಲ್ಲ, ಈ ಹೆಂಗಸರಿಗೆ ನಡಿಗೆಯೇ ಬಾರದು ಅಂದ.

ಜನರ ನಡುವೆ ನಿಂತಿದ್ದ ಪುಟ್ಟೀರಿ ಮುಂದೆ ಬಂದಳು. "ನಿಜ ಇರಬಹುದು, ಬುದ್ಧಿ. ಈ ಅಯ್ಯನವರ ಜುಟ್ಟಿಗೂ ಇದೇ ಲೇಪ ಹಚ್ಚಿದೆ. ಅವರೇ ಒಂದು ಕೊಡ ಹೊತ್ತು ನಡೆದು ತೋರಿಸಲಿ. ನಾವು ನೋಡಿ ಕಲಿತ್ಕೋತೀವಿ."

ಚಿಕ್ಕರಸಯ್ಯ ತಲೆನೋವು ಅಂದ, ಕತ್ತುನೋವು ಅಂದ, ಗಂಡಸರು ಹೊರಬಾರದು ಅಂದ. ಹಸಿದ ಅರಸನಿಗೆ ಯಾವ ನೆಪವೂ ರುಚಿಸಲಿಲ್ಲ. ಕೊಡ ಎತ್ತಿ ಅವನ ತಲೆಗಿಟ್ಟರು. ಅದು ಮುಂದಕ್ಕೆ ಜಾರಿತು, ಅವನು ಹಿಂದಕ್ಕೆ ಬಾಗಿದ. ಅದು ಹಿಂದಕ್ಕೆ ಜಾರಿತು, ಅವನು ಮುಂದಕ್ಕೆ ಬಾಗಿದ. ಕೊನೆಗೆ ಎರಡೂ ಕೈಯಲ್ಲಿ ತಬ್ಬಿಕೊಂಡು, ನೀರೆಲ್ಲ ಮೈಮೇಲೆ ಸುರಿದುಕೊಂಡು ಕುಕ್ಕರಿಸಿದ.

ಯಾರಾದರೂ ಸರಿ, ನೀರು ತನ್ನಿ ಎಂದ ಅರಸ.

"ಡಂಗುರ ಹಾಗೆ ಹೇಳಲ್ಲವಲ್ಲ, ಬುದ್ಧಿ," ಅಂದಳು ಪುಟ್ಟೀರಿ. "ಯಾವ ಡಂಗುರದಲ್ಲಿ ನನ್ನ ಕೂದಲು ಬೇಡ ಅನ್ನಿಸಿದಿರೋ, ಅದೇ ಡಂಗುರದಲ್ಲಿ ಆಗಬಹುದು ಅನ್ನಿಸಿ. ನಾನು ಕಾಯ್ತೀನಿ. ನನ್ನದು ಊಟ ಆಗಿದೆ."

ಡಂಗುರ ಹೊಡೆಯುವವನು ಆವತ್ತು ಓಡಿದಷ್ಟು ಎಂದೂ ಓಡಿರಲಿಲ್ಲ. ಊರೆಲ್ಲ ಸಾರಿ ಮುಗಿದ ಮೇಲೆ ಪುಟ್ಟೀರಿ ಬಾವಿಗಿಳಿದು, ಪೊದೆಯನ್ನು ಸುತ್ತಿ ತುರುಬು ಕಟ್ಟಿ, ಕೊಡ ಏರಿಸಿದಳು. ಕೋಳಿ ಕಾವಿಗೆ ಕೂತಂತೆ ಕೊಡ ಕೂತಿತು. ಅವಳು ಬೇಕೆಂದೇ ನಿಧಾನಕ್ಕೆ ಹತ್ತಿದಳು. ಅವಳು ಅರ್ಧ ಗುಡ್ಡದಲ್ಲಿರುವಾಗಲೇ ಅರಸ ಎದ್ದು ನಿಂತಿದ್ದ. ಗೌರವಕ್ಕೋ ಪಾಯಸಕ್ಕೋ, ಅವಳು ಕೇಳಲು ಹೋಗಲಿಲ್ಲ.

ಚಿಕ್ಕರಸಯ್ಯನಿಗೆ ಅರಮನೆಯ ಆನೆಗಳಿಗೆ ನೀರು ಹೊರುವ ಕೆಲಸವಾಯಿತು. ಕೈ ತಾಗಿಸಬಹುದು ಎಂದು ಅರಸ ದಯೆ ತೋರಿಸಿದ. ಲೇಪ ಬೇಕಾದವರು ಆಮೇಲೂ ಹಚ್ಚಿಕೊಂಡರು, ಬೇಡವಾದವರು ಬಿಟ್ಟರು. ರೋಗ ಅನ್ನುವ ಮಾತು ಮಾತ್ರ ಆ ರಾಜ್ಯದಲ್ಲಿ ನಿಂತುಹೋಯಿತು.

ಇದರ ನೀತಿ ಇಷ್ಟೇ ಮಕ್ಕಳೇ. ಮದ್ದು ಮಾರುವವನ ಕೈಗೆ ರೋಗಕ್ಕೆ ಹೆಸರಿಡುವ ಕೆಲಸ ಕೊಡಬೇಡಿ. ನಿಮ್ಮ ತಲೆಗೆ ಏನು ಬೇಕು ಅನ್ನುವುದನ್ನು ನೀವೇ ಯೋಚಿಸಿ, ಹೆದರಿಕೆ ಇಳಿದ ಮೇಲೆ ಯೋಚಿಸಿ.