ಬದುವಿನ ಕಾವಲು

ಅಣ್ಣ ತಮ್ಮಂದಿರು ಪಾಲಾದ ಮೇಲೆ ಒಂದೇ ಹೊಲದಲ್ಲಿ ಮೂರು ಬದುಗಳೆದ್ದವು. ಮುಂಗಾರಿಗೆ ಬಿತ್ತಲು ಬಂದ ಕೂರಿಗೆಗೆ ತಿರುಗುವಷ್ಟೂ ಜಾಗವಿರಲಿಲ್ಲ. ಬಿತ್ತದ ಹೊಲ ಮಾರಾಟಕ್ಕೆ ಹೋಗುತ್ತದೆಂದು ಅದಕ್ಕೆ ಗೊತ್ತಿತ್ತು.

"ಬದುವಣ್ಣ, ಈ ಸಲ ಸ್ವಲ್ಪ ಮಲಗಿಕೊ. ನಾಲ್ಕೂ ಪಾಲನ್ನು ಒಟ್ಟಿಗೆ ಬಿತ್ತಿಬಿಡುತ್ತೇನೆ. ಸುಗ್ಗಿಯಲ್ಲಿ ಕಾಳನ್ನು ಹಂಚಿಕೊಳ್ಳಲಿ," ಎಂದು ನಡುವಿನ ಬದುವನ್ನು ಕೇಳಿತು.

"ಬಡಗಿಯ ಮಗನೆ, ನಾನು ಮಲಗಿದರೆ ಹೊಲ ಕಾಯುವವರು ಯಾರು, ನೀನೆ?"

"ಯಾರಿಂದ ಕಾಯುತ್ತೀ?"

"ಪಕ್ಕದ ಪಾಲಿನವರಿಂದ. ಅಣ್ಣನ ನೇಗಿಲು ಒಂದು ಗೇಣು ಈಚೆ ಬಂದರೂ ಬಿಡುವವನಲ್ಲ ನಾನು."

ಕೂರಿಗೆ ಬೀಜ ಬಿಡದೆ ಹೋಗಿ ಹೊಲದಂಚಿನ ಹುಣಸೆಮರಕ್ಕೆ ಒರಗಿತು. ಬೆಳೆಯಿಲ್ಲದ ಪಾಲುಗಳನ್ನು ಪಟ್ಟಣದವನೊಬ್ಬ ಒಂದೊಂದಾಗಿ ಕೊಂಡು, ಸೈಟು ಮಾಡಲು ಬುಲ್ಡೋಜರ್ ಕಳಿಸಿದ. ಅದು ಬದುವಿನ ಮುಂದೆ ನಿಂತು, "ದಾರಿ ಬಿಡುತ್ತೀರಾ?" ಎಂದು ಮರ್ಯಾದೆಯಿಂದಲೇ ಕೇಳಿತು.

"ನೀನು ಅಣ್ಣನ ಕಡೆಯವನೋ, ತಮ್ಮನ ಕಡೆಯವನೋ?" ಎಂದು ಬದು ಗದರಿದ್ದು ಕೂರಿಗೆಗೆ ಕೇಳಿಸಿತು.

"ಇಬ್ಬರ ಕಡೆಯವನೂ ಅಲ್ಲ."

"ಹಾಗಾದರೆ ನನ್ನ ತಕರಾರೇನಿಲ್ಲ," ಎಂದಿತು ಬದು. "ಬಾ."