ಜಿಂಕೆಯ ಮೂಗಿನ ಮೇಲಿನ ಹನಿ

ಲೋಕ ಆಗ ಇನ್ನೂ ಹಸಿಯಾಗಿತ್ತು. ಕುಂಬಾರ ತಿಗರಿಯಿಂದ ಈಗಷ್ಟೇ ಇಳಿಸಿಟ್ಟ ಮಡಕೆ ಇರುತ್ತದಲ್ಲ, ಹಾಗೆ. ಬೆಟ್ಟವನ್ನು ಒತ್ತಿದರೆ ಬೆರಳಚ್ಚು ಮೂಡುತ್ತಿತ್ತು. ಹೊಳೆಗೆ ತನ್ನ ದಾರಿಯೇ ಸರಿಯಾಗಿ ಗೊತ್ತಿರಲಿಲ್ಲ, ಸಿಕ್ಕಸಿಕ್ಕ ಮರವನ್ನು ಕೇಳಿಕೊಂಡು ಹರಿಯುತ್ತಿತ್ತು. ಗಾಳಿ, ಜಿಂಕೆ, ಮನುಷ್ಯ ಎಲ್ಲರದ್ದೂ ಒಂದೇ ಮಾತು, ಎಲ್ಲರಿಗೂ ಎಲ್ಲರ ಸುದ್ದಿಯೂ ಬೇಕು.

ಆಗ ಜಿಂಕೆಯ ಮೂಗು ಒಣಮೂಗು. ಬೇಸಿಗೆಯ ಬಂಡೆಯ ಹಾಗೆ ಒಣಗಿದ ಮೂಗು. ದೂರದ ವಾಸನೆ ಬಂದರೂ ಅದರ ಮೇಲೆ ನಿಲ್ಲುತ್ತಿರಲಿಲ್ಲ, ಜಾರಿ ಹೋಗುತ್ತಿತ್ತು. ಹಾಗಾಗಿ ಗಾಳಿಯೇ ಓಡಿಬಂದು ಕಿವಿಯಲ್ಲಿ ಹೇಳಬೇಕಿತ್ತು: "ಮನುಷ್ಯ ಬಂದ! ಮನುಷ್ಯ ಬಂದ!"

ಗಾಳಿಗೆ ಮೊದಲಿಂದಲೂ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ನೋಡಿ.

ಹೊಳೆಯ ದಂಡೆಯ ಗುಡಿಸಲಲ್ಲಿ ಓಬಯ್ಯ ಎಂಬ ಬೇಟೆಗಾರನಿದ್ದ. ಅವನ ಹೆಂಡತಿ ಸೂರಮ್ಮ ಆಗಷ್ಟೇ ಹೆತ್ತಿದ್ದಳು. ಕೂಸಿಗೆ ಇನ್ನೂ ಹೆಸರಿಟ್ಟಿರಲಿಲ್ಲ, ಕಣ್ಣೂ ಸರಿಯಾಗಿ ನಿಂತಿರಲಿಲ್ಲ. ಆದರೆ ಹಟ ಮಾತ್ರ ಬೆಟ್ಟದಷ್ಟು. ಸಂಜೆಯಾದರೆ ಅಪ್ಪನ ಎದೆಯ ಮೇಲೆ ಮಲಗಿಸಬೇಕು. ಮೂಗನ್ನು ಅವನ ಕುತ್ತಿಗೆಗೆ ಒತ್ತಿ ಎರಡು ಸಲ ಉಸಿರೆಳೆದುಕೊಂಡರೆ ಸಾಕು, ನಿದ್ದೆ ಬಂದುಬಿಡುತ್ತಿತ್ತು. ಓಬಯ್ಯ ಆಗ ಕೆಮ್ಮು ಬಂದರೂ ಕೆಮ್ಮುತ್ತಿರಲಿಲ್ಲ.

ಬರೀ ಗೆಡ್ಡೆಗೆಣಸು ತಿಂದು ಸೂರಮ್ಮನ ಮೈ ಇಳಿಯುತ್ತಾ ಬಂತು. ಹಾಲೂ ಇಳಿಯಿತು.

"ಒಂದೀಟು ಬಾಡಿನ ಸಾರು ಕುಡಿದ್ರೆ ಹಾಲು ಬರ್ತದೆ," ಅಂದಳು ಸೂರಮ್ಮ. "ಇಲ್ದಿದ್ರೆ ಕೂಸು ಉಳಿಯಾಕಿಲ್ಲ. ನೋಡು, ಕಾಲು ಹೆಂಗೆ ಕಡ್ಡಿ ಆಗ್ಯವೆ."

ಓಬಯ್ಯ ಬಿಲ್ಲು ಎತ್ತಿಕೊಂಡು ಹೊರಟ. ಬೆಟ್ಟದ ಮಗ್ಗುಲ ಹುಲ್ಲಿನಲ್ಲಿ ಜಿಂಕೆಗಳು ಮೇಯುತ್ತಿದ್ದವು. ಅವನು ಹೆಜ್ಜೆ ಸದ್ದಾಗದಂತೆ ಹತ್ತಿರ ಹೋದ. ಗಾಳಿ ಅವನ ಬೆನ್ನ ಹಿಂದಿನಿಂದ ಓಡಿತು. "ಓಬಯ್ಯ ಬಂದ! ಬೆವರಿದ್ದಾನೆ, ಹೊಗೆ ವಾಸನೆ, ಕೂಸಿನ ಹಾಲಿನ ವಾಸನೆ, ಅವನೇ, ಅವನೇ!" ಜಿಂಕೆಗಳು ಹಾರಿದವು. ಹುಲ್ಲು ಮಾತ್ರ ಉಳಿಯಿತು.

ಮೈವಾಸನೆ ಇದ್ದರೆ ತಾನೇ ಗಾಳಿ ಚಾಡಿ ಹೇಳುವುದು ಎಂದುಕೊಂಡ ಓಬಯ್ಯ. ಸೀಗೆಕಾಯಿ ಜಜ್ಜಿ, ನೆತ್ತಿಯಿಂದ ಹಿಮ್ಮಡಿಯವರೆಗೆ ತಿಕ್ಕಿತಿಕ್ಕಿ ಮಿಂದ. ಚರ್ಮ ಕೆಂಪಾಯಿತು. ತನ್ನ ತೋಳನ್ನು ತಾನೇ ಮೂಸಿ ನೋಡಿ ಖುಷಿಪಟ್ಟ. ಬೇಟೆಗೆ ಹೋದ.

ಗಾಳಿ ಅವನನ್ನು ಒಂದು ಸುತ್ತು ಸುತ್ತಿ ಬಿದ್ದುಬಿದ್ದು ನಕ್ಕಿತು. "ಜಿಂಕೆಗಳೇ, ಸೀಗೆಪೊದೆ ಒಂದು ಎದ್ದು ನಡೆದು ಬರುತ್ತಾ ಇದೆ!"

"ಸೀಗೆಪೊದೆಗೆ ಕಾಲು ಯಾವಾಗ ಬಂತು?" ಎಂದಿತು ಹಿರಿಯ ಹೆಣ್ಣು ಜಿಂಕೆ. ಎಲ್ಲವೂ ಹಾರಿದವು.

ಮಾರನೆಯ ದಿನ ಓಬಯ್ಯ ಜಿಂಕೆಯ ಹಿಕ್ಕೆಯನ್ನೇ ಆರಿಸಿ ತಂದು ನೀರಲ್ಲಿ ಕಲಸಿ ಮೈಗೆಲ್ಲ ಬಳಿದುಕೊಂಡ. ಸೂರಮ್ಮ ಮೂಗು ಮುಚ್ಚಿಕೊಂಡಳು. "ಅಯ್ಯೋ ನಿನ್ನ! ಗುಡಿಸಲೊಳಗೆ ಕಾಲಿಡಬ್ಯಾಡ ಮತ್ತೆ," ಎಂದು ನಗುವುದೋ ಅಳುವುದೋ ತಿಳಿಯದೆ ನಿಂತಳು.

ಗಾಳಿ ಜಿಂಕೆಗಳಿಗೆ ಹೇಳಿತು: "ಮೇಲೆ ಹಿಕ್ಕೆ, ಒಳಗೆ ಓಬಯ್ಯ."

ಇಷ್ಟೆಲ್ಲ ಮಾಡಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಇತ್ತ ಕೂಸಿನ ಅಳು ದಿನದಿನಕ್ಕೆ ಸಣ್ಣದಾಗುತ್ತಿತ್ತು. ಅಳುವುದಕ್ಕೂ ಶಕ್ತಿ ಬೇಕಲ್ಲ. ಓಬಯ್ಯನಿಗೆ ಭಯವಾಯಿತು. ಬೆಳಗ್ಗೆ ಎದ್ದವನೇ ಹೊಳೆಯ ಮುಂದೆ ಕೈಮುಗಿದು ನಿಂತ.

"ಹೊಳೆಯವ್ವ, ನನ್ನ ವಾಸನೆ ಪೂರ್ತಿ ತಕ್ಕೊಂಡ್ಬಿಡು. ತಿಕ್ಕಿದ್ರೆ ಹೋಗವಲ್ದು."

"ತಿಕ್ಕಿದರೆ ಹೋಗುವಂಥದ್ದಲ್ಲ ಕಣೋ ಅದು," ಎಂದಿತು ಹೊಳೆ. "ಅದು ಕೊಳೆಯಲ್ಲ, ಅದು ನೀನೇ. ಕೊಡುತ್ತೀನಿ ಅಂದರೆ ಒಯ್ಯುತ್ತೀನಿ. ಆದರೆ ನಾನು ಹಿಂದಕ್ಕೆ ಹರಿಯೋಳಲ್ಲ, ತಿಳಿಯಿತಾ?"

"ತಿಳೀತು ತಿಳೀತು," ಅಂದ ಓಬಯ್ಯ. ಅವನಿಗೆ ಏನೂ ತಿಳಿದಿರಲಿಲ್ಲ.

ಹೊಳೆಯ ನಡುವೆ ಅಂಗಾತ ಮಲಗಿದ. ನೀರು ಅವನ ಮೇಲೆ, ಕೆಳಗೆ, ಬೆರಳುಗಳ ಸಂದಿಯಲ್ಲಿ ಹರಿಯಿತು. ಹೊಗೆಯ ವಾಸನೆ ಹೋಯಿತು. ಬೆವರಿನ ವಾಸನೆ ಹೋಯಿತು. ಅದಕ್ಕೂ ಒಳಗಿನ, ಹುಟ್ಟಿದಾಗಿನಿಂದ ಇದ್ದ, ಅವನದೇ ಆದ ಇನ್ನೊಂದು ವಾಸನೆ ಇತ್ತು. ಅದೂ ದಾರ ಬಿಚ್ಚಿದಂತೆ ಮೆಲ್ಲಗೆ ಬಿಚ್ಚಿಕೊಂಡು ಹೋಯಿತು. ಹೊತ್ತು ನೆತ್ತಿಗೆ ಬಂದಾಗ ಎದ್ದು ನಿಂತ. ಮೈ ಹಗುರಾಗಿತ್ತು, ಯಾಕೋ ಚಳಿಯಾಯಿತು.

ಗಾಳಿ ಬಂತು. ಅವನನ್ನು ದಾಟಿಕೊಂಡು ಹೋಯಿತು. ಹೇಳುವುದಕ್ಕೆ ಅದಕ್ಕೆ ಏನೂ ಸಿಗಲಿಲ್ಲ.

ಓಬಯ್ಯ ಜಿಂಕೆಗಳ ನಡುವೆಯೇ ನಡೆದುಹೋದ. ಒಂದೂ ಬೆದರಲಿಲ್ಲ. ಅವನನ್ನು ನೋಡಿದವೂ ಮರದ ಬೊಡ್ಡೆ ನೋಡಿದಂತೆ ನೋಡಿ ಮತ್ತೆ ಮೇಯತೊಡಗಿದವು. ಅಂಥ ಹತ್ತಿರದಿಂದ ಅವನು ಯಾವತ್ತೂ ಜಿಂಕೆ ಕಂಡಿರಲಿಲ್ಲ. ಹುಲ್ಲು ಅಗಿಯುವ ಸದ್ದು ಕೇಳಿದ. ರೆಪ್ಪೆಯ ಕೂದಲನ್ನು ಕಂಡ. ಒಂದು ಮರಿ ಓಡಿಬಂದು, ಅಷ್ಟು ಹೆಣ್ಣುಗಳ ನಡುವೆ ಮೂಸಿಮೂಸಿ ತನ್ನ ತಾಯಿಯನ್ನೇ ಹುಡುಕಿ ಕೆಚ್ಚಲಿಗೆ ಬಾಯಿ ಹಾಕಿತು. ಆ ತಾಯಿ ಹಿರಿಯ ಹೆಣ್ಣು ಜಿಂಕೆಯೇ. ಲೋಕ ಎಷ್ಟು ಚೆಂದ ಮಾಡಿಟ್ಟಿದ್ದಾರಪ್ಪಾ ಎಂದು ಓಬಯ್ಯನ ಮೈ ಜುಮ್ಮೆಂದಿತು.

ಆದರೂ ಮನೆಯಲ್ಲಿ ಕೂಸಿತ್ತು. ಕೊಂಬಿನ ಜಿಂಕೆಯೊಂದನ್ನು ಹೊಡೆದು ಹೆಗಲ ಮೇಲೆ ಹಾಕಿಕೊಂಡ. ಗಿಡದಿಂದ ಬದನೆಕಾಯಿ ಕಿತ್ತಷ್ಟು ಸಲೀಸಾಯಿತು. ಆ ಸಲೀಸು ಅವನಿಗೆ ಸ್ವಲ್ಪವೂ ಹಿತವೆನಿಸಲಿಲ್ಲ.

ಗುಡಿಸಲ ಮುಂದೆ ಅವನ ಸ್ವಂತ ನಾಯಿಯೇ ಹಲ್ಲು ಕಿರಿದು ಬೊಗಳಿತು. ಸೂರಮ್ಮ ಸಾರು ಮಾಡಿ ಕುಡಿದಳು. ಎದೆಗೆ ಹಾಲು ಬಂತು. ಕುಡಿಯುವ ಮೊದಲು ಸಮಾಧಾನವಾಗಲಿ ಎಂದು ಕೂಸನ್ನು ಎಂದಿನಂತೆ ಅಪ್ಪನ ಎದೆಯ ಮೇಲೆ ಮಲಗಿಸಿದಳು.

ಕೂಸು ಅವನ ಕುತ್ತಿಗೆಗೆ ಮೂಗು ಒತ್ತಿತು. ಒಂದು ಸಲ ಉಸಿರೆಳೆಯಿತು. ಇನ್ನೊಂದು ಸಲ ಎಳೆಯಿತು. ಆಮೇಲೆ ಚೀರಿತು ನೋಡಿ! ಕಾಡಿನಲ್ಲಿ ಕಳೆದುಹೋದವರು ಚೀರುವ ಹಾಗೆ. ತಾಯಿ ಎತ್ತಿಕೊಂಡರೂ ನಿಲ್ಲಲಿಲ್ಲ, ಮೊಲೆಗೆ ಬಾಯಿ ಹಾಕಲಿಲ್ಲ. ಹಾಲಿತ್ತು, ಕುಡಿಯುವ ಬಾಯಿ ಅಪ್ಪನನ್ನು ಹುಡುಕಿಕೊಂಡು ಅಳುತ್ತಲೇ ಇತ್ತು. ಕೋಳಿ ಕೂಗುವ ಹೊತ್ತಿಗೆ ದನಿಯೇ ಅಡಗಿಹೋಗಿತ್ತು.

"ಮುಖ ನಿಂದೇ ಐತೆ," ಅಂದಳು ಸೂರಮ್ಮ, ಅವನನ್ನು ದಿಟ್ಟಿಸಿ. "ಆದ್ರೆ ನೀನು ಮನೆಗೆ ಬಂದಂಗೇ ಇಲ್ಲ. ಏನ್ ಮಾಡ್ಕಂಡು ಬಂದೆ?"

ಓಬಯ್ಯ ಹೇಳಿದ. ಸೂರಮ್ಮ ಕೂಸನ್ನು ಅವನ ಕೈಗಿತ್ತಳು. "ಹೋಗು, ಇಸ್ಕೊಂಡು ಬಾ. ಕೂಸನ್ನೂ ಎತ್ಕೊಂಡು ಹೋಗು. ಸಿಕ್ಕಿದ ಕೂಡ್ಲೇ ಅದಕ್ಕೆ ಗೊತ್ತಾಗ್ಲಿ. ತಡ ಮಾಡಿದ್ರೆ ನನ್ನ ಹಾಲಿದ್ದೂ ಏನು ಬಂತು!"

ಅವನು ದಂಡೆಯುದ್ದಕ್ಕೂ ಓಡಿದ. "ಹೊಳೆಯವ್ವಾ, ಎಲ್ಲಿ ನನ್ನ ವಾಸನೆ?"

"ಹಿಂದಕ್ಕೆ ಹರಿಯಲ್ಲ ಅಂದಿರಲಿಲ್ಲವೇ?" ಎಂದಿತು ಹೊಳೆ. ಆಮೇಲೆ ಕೂಸಿನ ಮುಖ ನೋಡಿ ಮೆತ್ತಗಾಯಿತು. "ಕೆಳಗಿನ ಮಡುವಿನ ನಿಂತ ನೀರಲ್ಲಿ ಸುತ್ತುತ್ತಾ ಇತ್ತು. ಈಗಷ್ಟೇ ಜಿಂಕೆಗಳು ಅಲ್ಲಿ ಮೂಗಿಟ್ಟು ನೀರು ಕುಡಿದವು. ಇನ್ನು ಅದು ನನ್ನಲ್ಲಿಲ್ಲ. ಅವುಗಳನ್ನೇ ಕೇಳು."

ಮಡುವಿನ ಬಳಿ ಜಿಂಕೆಗಳು ನಿಂತಿದ್ದವು. ಒಂದೊಂದರ ಮೂಗಿನ ಮೇಲೂ ಒಂದೊಂದು ನೀರಹನಿ. ಬಿಸಿಲು ಬಿದ್ದರೂ ಅದು ಆರಿರಲಿಲ್ಲ. ನಿನ್ನೆ ಹೊಡೆದವನು ಇಂದು ಅವುಗಳ ಮುಂದೆ ಮೊಣಕಾಲೂರಿದ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ಯಾರದು?" ಎಂದಿತು ಹಿರಿಯ ಜಿಂಕೆ. "ಕೂಸಿನ ವಾಸನೆ ಇದೆ, ಹೊತ್ತವರ ವಾಸನೆ ಇಲ್ಲ."

"ನಾನು, ಅವ್ವ. ನಿಮ್ಮವನೊಬ್ಬನ್ನ ಹೊಡ್ದೋನು. ನನ್ನ ವಾಸನೆ ನಿಮ್ಮ ಮೂಗಿನ ಮ್ಯಾಲೈತೆ. ಕೊಡ್ರವ್ವ. ನನ್ನ ಕೂಸಿಗೆ ನಾನು ಯಾರಂತ ಗೊತ್ತಾಗವಲ್ದು."

ಜಿಂಕೆಗಳು ಒಂದರ ಮುಖ ಒಂದು ನೋಡಿಕೊಂಡವು. ಹಿರಿಯ ಜಿಂಕೆಯ ಮರಿ ಅದರ ಹೊಟ್ಟೆಯಡಿ ನಿಂತು ನೋಡುತ್ತಿತ್ತು.

"ಕೊಡುತ್ತೇವೆ," ಎಂದಿತು ಹಿರಿಯ ಜಿಂಕೆ. "ಕರುಣೆಯಿಂದ ಅಂದುಕೊಳ್ಳಬೇಡ. ವಾಸನೆಯಿಲ್ಲದ ನೀನು ಹೀಗೇ ಓಡಾಡಿದರೆ ನಮ್ಮ ವಂಶ ಉಳಿಯುತ್ತದೆಯೇ? ಕೂಸಿನ ಮೇಲೆ ಕರುಣೆ ಇಲ್ಲ ಅಂತಲೂ ಅಲ್ಲ. ಆದರೆ ಒಂದು ಮಾತು. ಪೂರ್ತಿ ಕೊಡುವುದಿಲ್ಲ. ಒಂದು ಹನಿ ಉಳಿಸಿಕೊಳ್ಳುತ್ತೇವೆ."

"ಆಮ್ಯಾಲೆ ನಾನು ಬೇಟೆ ಹೆಂಗಾಡ್ಲಿ?"

"ಗಾಳಿಗೆ ಎದುರಾಗಿ ಬಾ, ಕಾದು ಕೂರು, ಕಾಲು ನೋಯಿಸಿಕೋ. ನಾವು ಮೈಮರೆತರೆ ನಿನ್ನ ಪಾಲು, ಮರೆಯದಿದ್ದರೆ ನಮ್ಮ ಪಾಲು. ಆದರೆ ನೀನಲ್ಲದವನ ಹಾಗೆ ಮಾತ್ರ ಬರಬೇಡ."

ಓಬಯ್ಯ ತಲೆಯಾಡಿಸಿದ. ಹಿರಿಯ ಜಿಂಕೆ ಮುಂದೆ ಬಂದು ಒದ್ದೆ ಮೂಗನ್ನು ಅವನ ಎದೆಗೆ ಒತ್ತಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಹಣೆಗೆ, ತೋಳಿಗೆ, ಕುತ್ತಿಗೆಗೆ. ಮರಿಯೂ ಬಂದು ಅಂಗೈಗೆ ಮೂಗು ತಾಗಿಸಿತು. ಬಾಯಿಬಡುಕ ಗಾಳಿ ಕೂಡ ಆ ಹೊತ್ತು ಒಂದು ಎಲೆಯನ್ನೂ ಅಲುಗಿಸಲಿಲ್ಲ.

ಕೂಸು ಅವನ ಕುತ್ತಿಗೆಗೆ ಮೂಗು ಒತ್ತಿತು. ಒಂದು ಸಲ ಉಸಿರೆಳೆಯಿತು. ಇನ್ನೊಂದು ಸಲ ಎಳೆಯಿತು. ಅಳು ನಿಂತಿತು. ಓಬಯ್ಯ ಮಾತ್ರ ಅಷ್ಟು ಜಿಂಕೆಗಳ ಎದುರು ಹೋ ಎಂದು ಅತ್ತುಬಿಟ್ಟ. ಅತ್ತಮೇಲೆ ಹಾಲಿಟ್ಟುಕೊಂಡು ಕಾಯುತ್ತಿದ್ದವಳ ಕಡೆಗೆ ಓಡಿದ.

ಅದಕ್ಕೇ ಮಕ್ಕಳೇ, ಜಿಂಕೆ ಮೇಯುತ್ತಾ ಮೇಯುತ್ತಾ ತಲೆ ಎತ್ತಿ, ಹನಿ ಆರದಂತೆ ನಾಲಿಗೆಯಿಂದ ಮೂಗು ಸವರಿಕೊಳ್ಳುತ್ತದೆ. ಬೇಟೆಗಾರ ಸೀಗೆಯಲ್ಲಿ ಮಿಂದು ಬರಲಿ, ಪೇಟೆಯಿಂದ ಡಬ್ಬಿಯಲ್ಲಿ ತಂದದ್ದನ್ನು ಮೈಗೆ ಬಳಿದುಕೊಂಡು ಬರಲಿ, ಆ ಹನಿಯ ಮುಂದೆ ಯಾವುದೂ ನಡೆಯುವುದಿಲ್ಲ. ಕಾಡಿನಂಚಿನಲ್ಲಿ ಜಿಂಕೆಯ ಕಪ್ಪು ಮೂಗು ಬಿಸಿಲಿಗೆ ಮಿರುಗುವುದನ್ನು ನೀವು ಇವತ್ತೂ ನೋಡಬಹುದು. ಅಲ್ಲಿ ಮಿರುಗುವುದು, ಒಂದು ಕೂಸು ಅತ್ತು ಅತ್ತು ವಾಪಸು ಕೇಳಿದ ಅಪ್ಪನ ವಾಸನೆ.