ಒಂಬತ್ತನೇ ನಂಬರಿನ ಕಾಲೇಜು

ಹೊಳೆದಂಡೆಯ ಆ ಮಠಕ್ಕೆ ಆಸ್ತಿ ಅಂತ ಏನೂ ಇಲ್ಲ. ಇಪ್ಪತ್ತು ಮಕ್ಕಳ ಒಂದು ಹಾಸ್ಟೆಲ್ಲು, ಎರಡು ಹಳೇ ಕಂಪ್ಯೂಟರು, ಒಬ್ಬರು ಅಜ್ಜಾರು. ಆ ಸೀಮೆಯಲ್ಲಿ ಮಠದ ಸ್ವಾಮಿಗಳನ್ನು ಅಜ್ಜಾರು ಅಂತಲೇ ಕರೆಯುವುದು.

ಬೇರೆ ಮಠಗಳಿಗೆ ಜನ ತಾಯತ ಕೇಳಿಕೊಂಡು ಹೋಗುತ್ತಾರೆ. ಇಲ್ಲಿಗೆ ಪಿಯುಸಿ ಮುಗಿಸಿದ ಮಕ್ಕಳು ಬರುತ್ತಾರೆ, ಮುಂದೆ ಯಾವ ಕಾಲೇಜು ಅಂತ ಕೇಳಿಕೊಂಡು. ಅಜ್ಜಾರಿಗೆ ಕಣ್ಣು ಮಂಜಾದ ಮೇಲೆ ಈ ಕೆಲಸ ಶಿಷ್ಯ ಗದಿಗೆಯ್ಯನ ಪಾಲಿಗೆ ಬಂತು.

ಗದಿಗೆಯ್ಯ ಅದೇ ಹಾಸ್ಟೆಲ್ಲಿನಲ್ಲಿ ಬೆಳೆದವನು. ಚುರುಕು. ಸ್ವಲ್ಪ ಜಂಬವೂ ಇತ್ತು. ಇರಲಿ ಬಿಡಿ, ಯಾರಿಗಿಲ್ಲ?

ಆ ದಿನ ಹನ್ನೊಂದು ಗಂಟೆಗೆ ಅವನು ಪೇಡೆಯ ಡಬ್ಬಿ ಹಿಡಿದುಕೊಂಡೇ ಓಡಿ ಬಂದ.

"ಅಜ್ಜಾರ, ಮಾಯಕ್ಕಗ ಸೀಟು ಬಂತ್ರಿ! ಅಣಕು ಹಂಚಿಕೆಯೊಳಗ ಒಂದನೇ ನಂಬರಿನ ಕಾಲೇಜೇ ಸಿಕ್ಕೈತಿ!"

ಅಣಕು ಹಂಚಿಕೆ ಅಂದರೆ ನಿಜವಾದ ಸೀಟು ಕೊಡುವ ಮೊದಲು ನಡೆಸುವ ತಾಲೀಮು. ಅದನ್ನು ನೋಡಿಕೊಂಡು, ಬೇಕಾದರೆ ನಾವು ಬರೆದ ಕಾಲೇಜುಗಳ ಪಟ್ಟಿಯನ್ನು ಹಿಂದೆ ಮುಂದೆ ಮಾಡಬಹುದು. ಅದಕ್ಕೆ ಗಡುವು ಅವತ್ತೇ ಮಧ್ಯಾಹ್ನ ಎರಡು ಗಂಟೆ. ಆಮೇಲೆ ಪಟ್ಟಿಗೆ ಬೀಗ.

ಅಜ್ಜಾರು ಪೇಡೆ ಮುಟ್ಟಲಿಲ್ಲ.

"ಯಾವ ಕಾಲೇಜೋ?"

"ಇಲ್ಲೇ ತಾಲ್ಲೂಕಿನ ಇಂಜಿನಿಯರಿಂಗ್ ಕಾಲೇಜ್ರಿ. ದಿನಾ ಬಸ್ಸಿನಾಗ ಹೋಗಿ ಬರಬಹುದು."

"ಆಕೀಗೆ ಇಂಜಿನಿಯರ್ ಆಗೋದಿತ್ತೇನು?"

ಗದಿಗೆಯ್ಯ ಡಬ್ಬಿಯ ಮುಚ್ಚಳ ಹಾಕಿದ. "ಪಶುವೈದ್ಯ ಅಂತಿದ್ಲ್ರಿ. ಅದೂ ಪಟ್ಟಿಯೊಳಗ ಐತಿ. ಒಂಬತ್ತನೇ ನಂಬರು."

"ಒಂಬತ್ತು ಯಾಕ?"

"ಅದು ದೂರ. ಸಿಕ್ಕರ ಸಿಕ್ಕೀತು, ಇಲ್ಲಂದ್ರ ಇಲ್ಲ. ಖಾತ್ರಿ ಇರೋದನ್ನ ಮೊದಲ ಇಡಬೇಕಲ್ರಿ ಅಜ್ಜಾರ."

ಅಜ್ಜಾರು ಮಾಯಕ್ಕನನ್ನು ಕರೆಸಿದರು. ಕುರುಬರ ಹುಡುಗಿ, ಹದಿನೆಂಟು ವರ್ಷ. ಅಪ್ಪ ಮಾಳಿಂಗಪ್ಪ ಊರೂರು ಸುತ್ತಿ ಕುರಿ ಮೇಯಿಸುವವನು. ಸೀಟು ಸಿಕ್ಕ ಹುಡುಗಿಯ ಮುಖದಲ್ಲಿ ಒಂದು ಹನಿ ಸಂತೋಷವಿರಲಿಲ್ಲ.

"ಪಟ್ಟಿ ನೀ ಬರದದ್ದೇನವ್ವ?"

"ನಾ ಪಶುವೈದ್ಯ ಮೊದಲ ಬರದಿದ್ದೆ ಅಜ್ಜಾರ. ಸರ್ ತಿದ್ದಿದ್ರು."

"ಬ್ಯಾಡ ಅನಬೇಕಿಲ್ಲೇನು?"

"ಸರ್ ನನಗಿಂತ ತಿಳಿದಾವರು ಅಂತ..." ಅಷ್ಟು ಹೇಳುವಷ್ಟರಲ್ಲಿ ಅವಳಿಗೆ ಅಳು ಬಂತು. ಸೆರಗಿಲ್ಲ, ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಳು.

ಗದಿಗೆಯ್ಯನಿಗೆ ಸಿಟ್ಟೇ ಬಂತು. ಇಷ್ಟೆಲ್ಲ ಮಾಡಿದ ಮೇಲೂ ಅಳು! "ನಾ ಆಕೀ ಒಳ್ಳೇದಕ್ಕ ಮಾಡೇನ್ರಿ ಅಜ್ಜಾರ."

ಅಜ್ಜಾರು ಎದ್ದು ದಾಸೋಹದ ಮನೆಗೆ ನಡೆದರು. ಇಬ್ಬರೂ ಹಿಂದೆ ಹೋದರು. ಒಲೆಯ ಪಕ್ಕ ರೊಟ್ಟಿಯ ಬುಟ್ಟಿ, ಅನ್ನದ ಪಾತ್ರೆ, ಆಗಷ್ಟೇ ಇಳಿಸಿದ ಗೋಧಿ ಹುಗ್ಗಿ. ಹುಗ್ಗಿ ಅಂದರೆ ಗದಿಗೆಯ್ಯ ಪ್ರಾಣ ಬಿಡುತ್ತಾನೆ, ಇದು ಮಠಕ್ಕೆಲ್ಲ ಗೊತ್ತು.

"ತಾಟು ಹಿಡಿ. ಏನೇನು ಬೇಕು, ಒಂದರ ಹಿಂದ ಒಂದು ಹೇಳು. ಅದರಾಗ ಮೊದಲ ಯಾವುದು ಐತೋ ಅದೊಂದ ಕೊಡತೇನಿ."

ಇಬ್ಬರ ಎದುರು ಹುಗ್ಗಿ ಮೊದಲು ಕೇಳಲು ಅವನಿಗೆ ನಾಚಿಕೆ. "ರೊಟ್ಟಿ. ಆಮ್ಯಾಲೆ ಅನ್ನ. ಆಮ್ಯಾಲೆ ಹುಗ್ಗಿ ಇದ್ರ ಹುಗ್ಗಿ."

ಅಜ್ಜಾರು ತಾಟಿಗೆ ಒಂದು ರೊಟ್ಟಿ ಹಾಕಿ ಹುಗ್ಗಿಯ ಪಾತ್ರೆ ಮುಚ್ಚಿದರು. "ನಡಿ."

"ಹುಗ್ಗಿ ಐತಲ್ರಿ ಅಜ್ಜಾರ?"

"ಐತಿ. ನೀ ರೊಟ್ಟಿ ಅಂದಿ, ರೊಟ್ಟಿ ಇತ್ತು, ಕೊಟ್ಟೆ. ಅದರ ಕೆಳಗ ಏನು ಬರದೀ ಅಂತ ಯಾರು ನೋಡತಾರ?"

"ಹುಗ್ಗಿ ಮೊದಲ ಅಂದು, ಅದು ತೀರಿದ್ರ?"

"ಆಗ ಎರಡನೇದು ಕೇಳತಿದ್ದೆ. ರೊಟ್ಟಿ ಎಲ್ಲಿ ಓಡಿ ಹೋಗತಿತ್ತು?"

ಗದಿಗೆಯ್ಯ ತಾಟು ಹಿಡಿದುಕೊಂಡು ಹಾಗೇ ನಿಂತ. ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬರುವ ಸೀಟು ಹಂಚುವ ಯಂತ್ರ ಮೊದಲು ಕೊಡಬಹುದಾದದ್ದನ್ನು ಕೊಟ್ಟು ಮುಂದಕ್ಕೆ ಹೋಗುತ್ತದೆ. ಎಂಟು ಕಾಲೇಜು ದಾಟಿ ಒಂಬತ್ತಕ್ಕೆ ಅದು ಬರುವುದೇ ಇಲ್ಲ. ಹೋದ ವರ್ಷ ಮಾಯಕ್ಕಳಿಗಿಂತ ಹಿಂದಿನ ರ‍್ಯಾಂಕಿನವರಿಗೂ ಪಶುವೈದ್ಯ ಸಿಕ್ಕಿತ್ತು. ಅದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಹೆದರಿದ್ದ.

"ಈಗಲೇ ತಿದ್ದತೇನ್ರಿ," ಅಂದ.

"ಆಗೂದಿಲ್ಲ ಸರ್," ಅಂದಳು ಮಾಯಕ್ಕ. "ಒಮ್ಮೆ ಕಳಿಸಿದ ಪಟ್ಟಿ ತಿದ್ದಬೇಕಂದ್ರ ಅಪ್ಪನ ಫೋನಿಗೆ ಒಟಿಪಿ ಬರತೈತಿ. ಅಪ್ಪನ ಫೋನು ಹತ್ತವಲ್ದು."

ಮಾಳಿಂಗಪ್ಪ ಹದಿನಾಲ್ಕು ಮೈಲಿ ಆಚೆ, ಯಾರದೋ ಹೊಲದಲ್ಲಿ ಕುರಿ ನಿಲ್ಲಿಸಿಕೊಂಡಿದ್ದ. ಗಂಟೆ ಹನ್ನೆರಡಾಗಿತ್ತು.

ಗದಿಗೆಯ್ಯ ಬೈಕಿನ ಕೀಲಿ ತೆಗೆದುಕೊಂಡ. ಅಜ್ಜಾರು ಬಾಗಿಲಿಗೆ ಬಂದರು.

"ಮೊದಲ ನೀ ಮಾಡಿದ್ದು ಹೇಳು. ಆಮ್ಯಾಲೆ ನಂಬರ ಕೇಳು."

"ಟೈಮಿಲ್ಲ ಅಜ್ಜಾರ. ನಂಬರ ಸಿಕ್ಕರ ಸಾಕಲ್ಲ?"

ಅಂದವನೇ ಗದಿಗೆಯ್ಯ ಬೈಕು ಹತ್ತಿದ.

ದಾರಿಯೋ, ದೇವರೇ ಗತಿ. ಎರಡು ಕಡೆ ಕೇಳಿ, ಒಂದು ಕಡೆ ತಪ್ಪಿ, ಕುರಿಗಳ ಹತ್ತಿರ ಮುಟ್ಟುವಾಗ ಒಂದು ಗಂಟೆ ಇಪ್ಪತ್ತು ನಿಮಿಷ. ನಾಯಿಗಳು ಬೈಕಿಗೆ ಮುಗಿಬಿದ್ದವು. ಮಾಳಿಂಗಪ್ಪ ಕಂಬಳಿ ಕೊಡವಿಕೊಂಡು ಓಡಿ ಬಂದ.

"ಸರ್, ಏನಾತ್ರಿ? ಮಗಳು ಆರಾಮ ಅದಾಳಲ್ಲ?"

"ಆರಾಮ ಅದಾಳ. ಸೀಟು ಬಂದೈತಿ."

ಸೀಟು ಅಂದದ್ದೇ ತಡ, ಮಾಳಿಂಗಪ್ಪ ರುಮಾಲು ತೆಗೆದು ಬಗ್ಗಿ ಅವನ ಕಾಲು ಮುಟ್ಟಲು ಬಂದ. ಅಪ್ಪನ ವಯಸ್ಸಿನ ಮನುಷ್ಯ! ಗದಿಗೆಯ್ಯ ಎರಡು ಹೆಜ್ಜೆ ಹಿಂದೆ ಸರಿದ. ಈಗ ಹೇಗೆ ಹೇಳುವುದು? ಹೇಳದೇ ನಡೆದರೆ ನಡೆಯಲಿ ಅಂದುಕೊಂಡ.

"ಒಂದು ಸಣ್ಣ ತಿದ್ದುಪಡಿ ಐತಿ. ನಿಮ್ಮ ಫೋನಿಗೆ ಒಂದು ನಂಬರ ಬರತೈತಿ, ಅದನ್ನ ನನಗ ಹೇಳಿಬಿಡ್ರಿ."

ಫೋನಿಗೆ ಸಿಗ್ನಲ್ ಇರಲಿಲ್ಲ. ಇಬ್ಬರೂ ಕಾಲುವೆಯ ಏರಿ ಹತ್ತಿದರು. ಅಲ್ಲಿ ಎರಡು ಗೆರೆ ಕಾಣಿಸಿತು. ಗದಿಗೆಯ್ಯ ಮಠದ ಕಂಪ್ಯೂಟರಿನ ಮುಂದೆ ಕೂತಿದ್ದ ಮಾಯಕ್ಕಳಿಗೆ ಫೋನು ಹಚ್ಚಿ, ಒತ್ತು ಅಂದ. ಮಾಳಿಂಗಪ್ಪನ ಫೋನು ಟಿಣ್ ಅಂದಿತು.

"ಹೇಳ್ರಿ."

"ಹೇಳಂಗಿಲ್ರಿ ಸರ್."

"ಯಾಕ್ರಿ?"

"ಮಗಳು ಆಣೆ ಹಾಕಿಸಿಕೊಂಡಾಳ. ಈ ನಂಬರ ಯಾರು ಕೇಳಿದ್ರೂ ಹೇಳಬ್ಯಾಡ, ಪೊಲೀಸರು ಕೇಳಿದ್ರೂ ಹೇಳಬ್ಯಾಡ ಅಂದಾಳ. ಅದೂ ಅಲ್ದ, ಬಂದ ಸೀಟಿಗೆ ತಿದ್ದುಪಡಿ ಯಾಕ್ರಿ? ತಿದ್ದಾಕ ಹೋಗಿ ಇದ್ದದ್ದೂ ಹೋದ್ರ?"

"ಹೋಗಂಗಿಲ್ಲ, ನನ್ನ ನಂಬ್ರಿ."

"ನಂಬತೇನ್ರಿ. ಆದ್ರ ಯಾಕ ಅಂತ ಹೇಳ್ರಿ."

ಒಂದು ಗಂಟೆ ಮೂವತ್ತೈದು. ಹತ್ತು ನಿಮಿಷಕ್ಕೆ ಆ ನಂಬರು ಸಾಯುತ್ತದೆ. ಗದಿಗೆಯ್ಯ ಕಾಲೇಜಿನ ನಿಯಮ ಹೇಳಿದ, ಕಂಪ್ಯೂಟರಿನ ಮೇಲೆ ತಪ್ಪು ಹೊರಿಸಿದ, ಕಡೆಗೆ ಬೈದೂ ಬಿಟ್ಟ. ಮಾಳಿಂಗಪ್ಪ ಫೋನನ್ನು ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡು ಕುರಿಗಳ ಕಡೆ ನೋಡುತ್ತಾ ನಿಂತ. ಆ ನಂಬರು ಸತ್ತೂ ಹೋಯಿತು.

"ಸರ್, ಟೈಮ್ ಆತ್ರಿ," ಅಂತ ಅತ್ತ ಕಡೆಯಿಂದ ಮಾಯಕ್ಕಳ ದನಿ. "ಹದಿನೈದು ನಿಮಿಷ ಉಳಿದೈತಿ."

ಗದಿಗೆಯ್ಯ ಏರಿಯ ಮೇಲೇ ಕುಕ್ಕರಿಸಿ ಕೂತ.

"ತಪ್ಪು ನಂದ್ರಿ ಮಾಳಿಂಗಪ್ಪ. ನಿಮ್ಮ ಮಗಳು ಪಶುವೈದ್ಯ ಮೊದಲ ಬರದಿದ್ಲು. ಸಿಗತೈತೋ ಇಲ್ಲೋ ಅಂತ ನಾ ಹೆದರಿ, ಆಕೀನ್ನ ಕೇಳದ ಅದನ್ನ ಒಂಬತ್ತಕ್ಕ ತಳ್ಳಿ ಬೇರೇದು ಮೊದಲ ಇಟ್ಟೆ. ಈಗ ಬಂದ ಸೀಟು ಆಕೀಗೆ ಬೇಕಾದ್ದಲ್ಲ. ಹಿಂಗ ಬಿಟ್ರ ಆಕೀ ಕುರಿ ಡಾಕ್ಟರ್ ಆಗಂಗಿಲ್ಲ, ನನ್ನಿಂದ."

ಮಾಳಿಂಗಪ್ಪ ಕುರಿಗಳ ಕಡೆಯಿಂದ ಮುಖ ತಿರುಗಿಸಿದ.

"ಹೋದ ವರ್ಷ ಬ್ಯಾನಿ ಬಿದ್ದು ನಲವತ್ತು ಕುರಿ ಸತ್ತುವು ಸರ್. ಡಾಕ್ಟರ್ ಮೂರು ದಿನ ಬಿಟ್ಟು ಬಂದ್ರು. ಆಕೀ ಅವತ್ತ ಸತ್ತ ಮರೀ ಹಂತೇಕ ಕುಂತು ಹೇಳಿದ ಮಾತದು. ನೀವು ಅದನ್ನ ಒಂಬತ್ತಕ್ಕ ಹಾಕಿದ್ರ್ಯಾ?"

"ಹೌದ್ರಿ."

"ಎಂಥಾ ಮಾಸ್ತರ ನೀವು!" ಅಂದ ಮಾಳಿಂಗಪ್ಪ. ಆಮೇಲೆ ಕೈ ಚಾಚಿದ. "ಫೋನು ಕೊಡ್ರಿ ಇಲ್ಲಿ."

ಗದಿಗೆಯ್ಯನ ಫೋನು ಕಿತ್ತುಕೊಂಡು ಕಿವಿಗಿಟ್ಟ. "ಮಾಯವ್ವ, ಇನ್ನೊಮ್ಮೆ ಒತ್ತು."

ಟಿಣ್ ಅಂದಿತು. ಮಾಳಿಂಗಪ್ಪ ಒಂದೊಂದೇ ಅಂಕಿಯನ್ನು ಬೆರಳಿಟ್ಟು ಓದಿದ. ಆರನೇ ಅಂಕಿ ಹೇಳಿದ ಮೇಲೆ ಅತ್ತ ಕಡೆ ಬರೀ ಕೀಲಿಮಣೆಯ ಸದ್ದು. ಒಂದು ಗಂಟೆ ಐವತ್ತಾರು. ಒಂದು ಗಂಟೆ ಐವತ್ತೇಳು.

"ಆತಪ್ಪಾ," ಅಂದಳು ಮಾಯಕ್ಕ. "ಮೊದಲ ನಂಬರಿಗೆ ಬಂತು. ಸೇವ್ ಆತು." ಆಮೇಲೆ ಅತ್ತಳೋ ನಕ್ಕಳೋ ತಿಳಿಯಲಿಲ್ಲ.

ಗದಿಗೆಯ್ಯ ಮಠಕ್ಕೆ ವಾಪಸ್ಸು ಬಂದಾಗ ಮೂರೂವರೆ. ಅಜ್ಜಾರು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ಅವನು ಎರಡು ಮೆಟ್ಟಿಲು ಕೆಳಗೆ ಕೂತ. ಬಟ್ಟೆಯೆಲ್ಲ ಧೂಳು, ಕಣ್ಣೆಲ್ಲ ಕೆಂಪು.

"ಹೇಳಿದ್ಯಾ?"

"ಹೇಳಿದೆ. ಕಡೀಗೆ. ಬೈಸಿಕೊಂಡೆ."

"ಛಲೋ ಆತು."

ಗದಿಗೆಯ್ಯನಿಗೆ ತಡೆಯಲಾಗಲಿಲ್ಲ. "ಅಜ್ಜಾರ, ನನ್ನ ಜಂಬಕ್ಕ ಒಂದು ಹುಡುಗಿ ಬದುಕು ಹೋಗತಿತ್ತು. ನೀವ ನನ್ನ ಹಿಂದ ಗಾಡಿ ಮ್ಯಾಲೆ ಕುಂತು ಬಂದಿದ್ರ ಮಾಳಿಂಗಪ್ಪ ಒಂದ ಮಾತಿಗೆ ನಂಬರ ಕೊಡತಿದ್ದ. ನನ್ನೊಬ್ಬನ್ನ ಯಾಕ ಕಳಿಸಿದ್ರಿ?"

ಅಜ್ಜಾರು ನೀರನ್ನೇ ನೋಡುತ್ತಿದ್ದರು.

"ನಿನ್ನ ಪಟ್ಟಿ ಬರದಾವರು ಯಾರೋ?"

"ನೀವ. ಹನ್ನೊಂದು ವರ್ಷಾತು."

"ನಿನಗ ಏನು ಬೇಕಾಗಿತ್ತು?"

"ಅರಣ್ಯ ಕಾಲೇಜು." ಗದಿಗೆಯ್ಯ ನಗಲು ನೋಡಿದ. "ನನ್ನ ರ‍್ಯಾಂಕಿಗೆ ಅದೆಲ್ಲಿ ಸಿಗತಿತ್ರಿ? ನಸೀಬದಾಗ ಇರಲಿಲ್ಲ."

"ಸಿಗತಿತ್ತು. ಖಾತ್ರಿ ಇರೋದನ್ನ ನಾ ಮೊದಲ ಇಟ್ಟಿದ್ದೆ. ಮರುದಿನ ನನಗ ತಪ್ಪು ಗೊತ್ತಾತು. ತಿದ್ದಾಕ ಇನ್ನೂ ಒಂದು ದಿನ ಇತ್ತು. ನಿಮ್ಮಪ್ಪಗ ಹೇಳಿ ನಂಬರ ಕೇಳಬೇಕಿತ್ತು, ಅಷ್ಟ."

ಗದಿಗೆಯ್ಯ ಗುರುವಿನ ಮುಖ ನೋಡಿದ.

"ನಿಮ್ಮಪ್ಪ ಹೊಳಿ ಆಚೆ ದಂಡಿಗೇ ಇದ್ದ, ಗದಿಗೆಯ್ಯ. ನಾ ಹೋಗಲಿಲ್ಲ."